ಆಯುಧಪೂಜೆಗೆ ಕೂತ ಶೆಫೀಲ್ಡ್ ಚಾಕು

ನನ್ನ ಮೊದಲ ಜೇಬುಚಾಕುವನ್ನು ನಾನು ಕೊಂಡದ್ದು ಸೇಬು ಹೆಚ್ಚುವುದಕ್ಕೆ. ಆಗ ಲಂಡನ್ನಿನ ಅಂಚಿನ ಕ್ರೋಯ್ಡನ್ನಿನಲ್ಲಿ, ಒಬ್ಬ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸಕ್ಕಿದ್ದೆ. ಅಲ್ಲಿನ ಪ್ಲಾಸ್ಟಿಕ್ ಚಾಕು ಬೆಣ್ಣೆ ಸವರಲು ಸರಿ, ಹಣ್ಣಿನೊಳಗೆ ಇಳಿಯುತ್ತಲೇ ಇರಲಿಲ್ಲ. ತಿಂಗಳಿಗೊಂದು ಭಾನುವಾರ ನಮ್ಮ ಫ್ಲ್ಯಾಟಿನ ಹತ್ತಿರದ ಚರ್ಚ್ ಹಾಲಿನಲ್ಲಿ ಹಳೆಯ ಸಾಮಾನುಗಳ ಸಂತೆ ಕೂಡುತ್ತಿತ್ತು. ಅಲ್ಲಿ ಹಸಿರು ಬಟ್ಟೆ ಹಾಸಿದ ಮೇಜಿನ ಹಿಂದೆ ಎಪ್ಪತ್ತು ದಾಟಿದ ಹೆಂಗಸೊಬ್ಬರು ಬರೀ ಮಡಚುವ ಚಾಕುಗಳನ್ನು ಇಟ್ಟುಕೊಂಡು ಕೂತಿರುತ್ತಿದ್ದರು. ಒಂದನ್ನು ಎತ್ತಿಕೊಂಡು ಬಿಚ್ಚಲು ಹೋಗಿ ಉಗುರು ಮುರಿದುಕೊಂಡೆ. ಆಕೆ ಬಾಯಿ ತುಂಬ ನಕ್ಕರು. ನನಗೆ ರೇಗಿತು. ಆ ಚಾಕುವನ್ನೇ ಕೊಂಡು ಮನೆಗೆ ಬಂದೆ.

ಮುಂದಿನ ತಿಂಗಳು ಮತ್ತೆ ಹೋದೆ. ಆಕೆಗೆ ನನ್ನ ಉಗುರಿನ ನೆನಪಿತ್ತು. ಅವರ ಊರಿನ ವಾಡಿಕೆಯಂತೆ ನನ್ನನ್ನು ಅಕ್ಕರೆಯಿಂದ 'ಲವ್' ಎಂದೇ ಕರೆಯುತ್ತಿದ್ದರು. "ಕಣ್ಣು ಮುಚ್ಚು, ಲವ್. ಬರೀ ಕೇಳು," ಎಂದು ಒಂದೊಂದೇ ಚಾಕುವನ್ನು ನನ್ನ ಕಿವಿಯ ಹತ್ತಿರ ಬಿಚ್ಚಿ ಮಡಚಿದರು. ಕೆಲವು ಕಿರ್ ಎಂದವು, ಕೆಲವು ಸುಮ್ಮನೆ ಬಿದ್ದುಕೊಂಡವು. ಒಂದು ಮಾತ್ರ ಮೆತ್ತಗೆ ತಿರುಗಿ, ಕೊನೆಯಲ್ಲಿ ಟಕ್ ಎಂದು ಕೂತಿತು. ಒಳ್ಳೆಯ ಚಾಕು ನಡೆಯಬೇಕು, ಮಾತಾಡಬೇಕು ಎಂದು ಚಾಕು ಮಾಡುವ ಕಸುಬಿನವರು ಹೇಳುತ್ತಿದ್ದರಂತೆ. ಅಲಗು ತಿರುಗುವುದು ನಡಿಗೆ, ಟಕ್ ಎನ್ನುವುದು ಮಾತು. ಹಿಡಿಯೊಳಗಿನ ಸ್ಪ್ರಿಂಗನ್ನು ಒಬ್ಬ ಮನುಷ್ಯ ಕೂತು ಅರದಿಂದ ಉಜ್ಜಿ ಉಜ್ಜಿ ಹದ ಮಾಡಿದ್ದರೆ ಮಾತ್ರ ಆ ಸದ್ದು ಬರುತ್ತದೆ. ಅಂದಿನಿಂದ ನನಗೆ ಹುಚ್ಚು ಹಿಡಿಯಿತು.

ಪ್ರತಿ ಸಂತೆಗೂ ಹೋಗಿ ಆಕೆಯ ಪಕ್ಕದಲ್ಲೇ ಕೂರತೊಡಗಿದೆ. ನಾಲ್ಕು ವರ್ಷದಲ್ಲಿ ಹನ್ನೊಂದು ಚಾಕುಗಳಾದವು. ಜಿಂಕೆಕೊಂಬಿನ ಹಿಡಿಯದು, ಕಪ್ಪು ಮರದ್ದು, ಕುರಿ ಕಾಯುವವರು ಗೊರಸು ಹೆರೆಯುತ್ತಿದ್ದ ಮೊಂಡು ಮೂತಿಯದು. ಬಟ್ಟೆ ಬೀರುವಿನ ಡ್ರಾಯರಿನಲ್ಲಿ ಹಳೆಯ ರೇಷ್ಮೆ ರವಿಕೆ ಹಾಸಿ ಮಲಗಿಸಿದ್ದೆ. ಕನ್ನಡದವರು ಸೇರಿದಾಗಲೆಲ್ಲ ನನ್ನ ಗಂಡನಿಗೆ ಅದೇ ಮಾತು: "ಇವಳ ಹತ್ರ ಜಗಳ ಆಡೋಕ್ಕೆ ಮುಂಚೆ ಡ್ರಾಯರ್ ಬೀಗ ನೋಡ್ಕೋತೀನಿ." ಬೇರೆ ಹೆಂಗಸರಿಗೆ ಸೀರೆ, ಒಡವೆ ತೋರಿಸುವ ಖುಷಿ, ನಾನು ಚಾಕು ತೆಗೆದರೆ ಎಲ್ಲರೂ ಟೀ ಲೋಟ ಹಿಡಿದು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಚಾಕು ಮಾರುತ್ತಿದ್ದ ಆಕೆ, ಚಾಕು ತಯಾರಿಕೆಗೇ ಹೆಸರಾದ ಶೆಫೀಲ್ಡಿನವರು. ಮಗಳ ಮದುವೆಯಾದ ಮೇಲೆ ಲಂಡನ್ನಿಗೆ ಬಂದು, ಆ ಮಗಳು ಕೆನಡಾಕ್ಕೆ ಹೋದ ಮೇಲೂ ಇಲ್ಲೇ ಉಳಿದವರು. ಹದಿನಾಲ್ಕನೆಯ ವಯಸ್ಸಿಗೆ ಚಾಕುಗಳಿಗೆ ಹೊಳಪು ಕೊಡುವ ಕೆಲಸಕ್ಕೆ ಸೇರಿದ್ದರು. ತಲೆಗೆ ಕೆಂಪು ಬಟ್ಟೆ, ಮೈಗೆ ಕಂದು ಕಾಗದ ಕಟ್ಟಿಕೊಂಡು ತಿರುಗುವ ಚಕ್ರದ ಮುಂದೆ ಸಾಲಾಗಿ ಹುಡುಗಿಯರು. ಸಂಜೆಗೆ ಹಲ್ಲು ಬಿಟ್ಟರೆ ಬೇರೆಲ್ಲ ಕಪ್ಪು. ಅವರಪ್ಪ ಒಂದು ಬೆಂಚನ್ನು ಬಾಡಿಗೆಗೆ ಹಿಡಿದು ಸ್ವಂತಕ್ಕೆ ಚಾಕು ಮಾಡುತ್ತಿದ್ದವರು. ಅವರು ಮಾಡಿದ, ಬಿಳಿ ಮೂಳೆ ಹಿಡಿಯ ಒಂದು ಪುಟ್ಟ ಚಾಕು ಆಕೆಯ ಹತ್ತಿರವಿತ್ತು. ಅದು ಮಾರಾಟಕ್ಕಲ್ಲ. ಅದರ ಅಲಗಿಗೆ ಕನ್ನಡಿಯಂಥ ಹೊಳಪು ಕೊಟ್ಟದ್ದು ಈಕೆಯೇ, ಕೆಲಸಕ್ಕೆ ಸೇರಿದ ಮೊದಲ ವರ್ಷ. ಅಪ್ಪ ಅಲಗಿನಲ್ಲಿ ಮೀಸೆ ನೋಡಿಕೊಂಡು "ಆಗಬಹುದು" ಎಂದರಂತೆ. ಅವರು ಮಗಳನ್ನು ಹೊಗಳಿದ್ದು ಅದೊಂದೇ ಸಲವಂತೆ.

ಕ್ರೋಯ್ಡನ್ನಿನಲ್ಲಿ ಟ್ರಾಮ್ ಶುರುವಾದ ವರ್ಷ ಆಕೆಗೆ ಸೊಂಟದ ಆಪರೇಷನ್ ನಿಗದಿಯಾಯಿತು. ಮೂರು ವಾರ ಮನೆ ಖಾಲಿ. ಆ ಚಾಕುವನ್ನು ಮೆತ್ತನೆಯ ತೊಗಲಿನಲ್ಲಿ ಸುತ್ತಿ ನನಗೆ ಕೊಟ್ಟರು. "ಬೇರೆಯವನ್ನು ಕಳ್ಳ ಹೊತ್ತುಕೊಂಡು ಹೋದರೂ ಹೋಗಲಿ, ಲವ್. ಇದನ್ನು ನೋಡ್ಕೋ." ನಾನು ತಂದು ನನ್ನ ಡ್ರಾಯರಿನಲ್ಲಿ ಇಟ್ಟೆ. ಆಗ ನಮ್ಮತ್ತೆ ತುಮಕೂರಿನಿಂದ ಆರು ತಿಂಗಳಿಗೆಂದು ಬಂದಿದ್ದರು. ಅವರಿಗೆ ನಾನು ಒಂದು ಮಾತೂ ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೇ ಇಲ್ಲ.

ಆಯುಧಪೂಜೆಯ ದಿನ ನನಗೆ ರಜೆ ಇರಲಿಲ್ಲ. ಸಂಜೆ ಬಂದು ಬಾಗಿಲು ತೆಗೆದರೆ ಊದುಬತ್ತಿಯ ಘಮ. ದೇವರ ಮುಂದೆ ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಹೂ ಮುಡಿದ ವ್ಯಾಕ್ಯೂಮ್ ಕ್ಲೀನರ್. ಅವುಗಳ ಮುಂದೆ ಮಣೆಯ ಮೇಲೆ ಸಾಲಾಗಿ, ಬಾಯಿ ಬಿಚ್ಚಿಕೊಂಡು ಹನ್ನೆರಡು ಚಾಕು. ಎಲ್ಲಕ್ಕೂ ಅರಿಸಿನ, ಕುಂಕುಮ. ಅತ್ತೆಯ ಮುಖದಲ್ಲಿ ದೊಡ್ಡ ಕೆಲಸ ಮುಗಿಸಿದ ಸಂತೋಷ.

"ನೀನು ಇಷ್ಟು ಪ್ರೀತಿಯಿಂದ ಇಟ್ಕೊಂಡಿದ್ದೀಯ, ಅವಕ್ಕೆ ಪೂಜೆ ಇಲ್ಲ ಅಂದ್ರೆ ಆಯ್ತದಾ? ಮಸಿ ಹಿಡಿದಿದ್ವು. ಹುಣಸೆಹಣ್ಣು ಹಾಕಿ ತಿಕ್ಕಿ ತೊಳ್ದೆ."

ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಅಮೃತ. ಹಳೆಯ ಉಕ್ಕಿಗೆ ವಿಷ. ಬಿಳಿ ಹಿಡಿಯ ಚಾಕುವನ್ನು ಎತ್ತಿಕೊಂಡೆ. ಅಲಗು ಬೂದಿ ಬಣ್ಣಕ್ಕೆ ತಿರುಗಿತ್ತು, ಅಲ್ಲಲ್ಲಿ ಕಪ್ಪು ಮಚ್ಚೆ. ಮೂಳೆಗೆ ಅರಿಸಿನ ಇಳಿದು ಹಳದಿಯಾಗಿತ್ತು. ಉಳಿದ ಹನ್ನೊಂದರ ಕಡೆ ನಾನು ನೋಡಲೂ ಇಲ್ಲ. ಅತ್ತೆಯ ಮೇಲೆ ಕೂಗಾಡಿದೆ. ಯಾರನ್ನು ಕೇಳಿ ಮುಟ್ಟಿದಿರಿ ಎಂದೆ, ಇದು ನಿಮ್ಮ ಮನೆಯಲ್ಲ ಎಂದೂ ಅಂದುಬಿಟ್ಟೆ. ಹಬ್ಬದ ದಿನ, ಮಡಿಸೀರೆ ಉಟ್ಟು ನಿಂತ ಹಿರಿಯರಿಗೆ. ಅವರು ಒಳಗೆ ಹೋಗಿ ಕೂತರು. ಅದನ್ನು ಬರೆಯುವಾಗ ಈಗಲೂ ನನಗೆ ನಾಚಿಕೆಯಾಗುತ್ತದೆ.

ಆಕೆ ಆಸ್ಪತ್ರೆಯಿಂದ ಬರುವವರೆಗೆ ನನಗೆ ಸರಿಯಾಗಿ ಊಟ ಸೇರಲಿಲ್ಲ. ನನಗೆ ಆಕೆಯ ಸಿಟ್ಟಿನ ಭಯವಿರಲಿಲ್ಲ. ಸಿಟ್ಟೇ ಬರದಿದ್ದರೆ ಎಂಬ ಭಯ. ಹಿಂದೊಮ್ಮೆ ನಮ್ಮ ಬಚ್ಚಲಿನ ನೀರು ಕೆಳಗಿನ ಫ್ಲ್ಯಾಟಿನವರ ಸೋಫಾದ ಮೇಲೆ ಸೋರಿತ್ತು. ಅವರು ನಗುನಗುತ್ತಾ "ಪರವಾಗಿಲ್ಲ, ಯೋಚನೆ ಮಾಡಬೇಡಿ" ಎಂದರು. ಆಮೇಲೆ ಲಿಫ್ಟಿನಲ್ಲಿ ನಾವು ಕಂಡರೆ ಮೆಟ್ಟಿಲು ಹತ್ತತೊಡಗಿದರು. ಈಕೆಯೂ ಹಾಗೆಯೇ "ಪರವಾಗಿಲ್ಲ, ಲವ್" ಎಂದರೆ ಅಲ್ಲಿಗೆ ಮುಗಿಯಿತು. ಈ ಊರಿನಲ್ಲಿ ನನಗೆ ಗೆಳತಿ ಅಂತ ಇದ್ದದ್ದು ಆಕೆಯೊಬ್ಬರೇ.

ಚಾಕು ಹಿಂದಿರುಗಿಸಲು ಆಕೆಯ ಮನೆಗೆ ಹೊರಟ ದಿನ ಅತ್ತೆ ಸ್ವೆಟರ್ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದರು. "ತಪ್ಪು ಮಾಡಿದ್ದು ನಾನು. ನಾನೂ ಬತ್ತೀನಿ," ಎಂದರು. ಪೂಜೆಯ ದಿನದಿಂದ ನನ್ನೊಡನೆ ಅವರು ಆಡಿದ ಉದ್ದನೆಯ ಮಾತು ಅದೇ.

ಆಕೆ ಕುರ್ಚಿಯಲ್ಲಿ ಕೂತೇ ತೊಗಲನ್ನು ಬಿಚ್ಚಿದರು. ಅಲಗನ್ನು ತೆರೆದು ಕಿಟಕಿಯ ಬೆಳಕಿಗೆ ಹಿಡಿದರು. ಎಷ್ಟು ಹೊತ್ತು ನೋಡಿದರೋ. ನಾನು ನಡೆದದ್ದನ್ನು ತಡವರಿಸುತ್ತ ಹೇಳಿದೆ. ಆಮೇಲೆ ಶುರುವಾಯಿತು.

"ಹುಳಿನಾ? ಉಕ್ಕಿಗೆ ಹುಳಿ ಹಾಕ್ತಾರಾ ಯಾರಾದ್ರೂ? ನಾಲ್ಕು ವರ್ಷ ನನ್ನ ಪಕ್ಕ ಕೂತು ಏನು ಕಲಿತೆ ನೀನು? ಇದನ್ನ ಮುಟ್ಟಬೇಡಿ ಅಂತ ಒಂದು ಮಾತು ಹೇಳೋಕ್ಕೆ ನಿನ್ನ ನಾಲಿಗೆಗೆ ಏನಾಗಿತ್ತು? ನಮ್ಮಪ್ಪ ಇದ್ದಿದ್ರೆ ನಿನ್ನ ಕಿವಿ ಕಿತ್ತು ಕೈಗೆ ಕೊಡ್ತಿದ್ರು!"

ಎಲ್ಲೂ 'ಲವ್' ಇಲ್ಲ. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ತುಂಬಿಕೊಂಡು ಬೈದರು. ನಾನೂ ಅಳುತ್ತಿದ್ದೆ. ಅತ್ತೆ ನನ್ನ ಸೆರಗು ಜಗ್ಗಿದರು.

"ಬೈತಾವ್ರೆ ತಾನೇ?"

"ಹೂಂ."

"ಹಂಗಾದ್ರೆ ಹೆದರ್ಬೇಡ. ನೀನು ಬೇಡ ಅನ್ನಿಸಿದ್ರೆ ಇಷ್ಟೊತ್ತು ಬೈಯ್ಯಲ್ಲ ಕಣೆ."

ಏನಂತಾರೆ ಎಂದು ಆಕೆ ಗದರಿದರು. ಹೇಳಿದೆ. ಆಕೆ ಅತ್ತೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅವರ ಸರದಿ ಇನ್ನೂ ಬಂದಿಲ್ಲ ಅಂತ ಹೇಳು," ಎಂದರು. ಆಮೇಲೆ ಟೀ ಮಾಡು ಎಂದು ನನ್ನನ್ನು ಅಡುಗೆಮನೆಗೆ ಅಟ್ಟಿದರು. ಟೀ ಹಿಡಿದು ಬರುವಷ್ಟರಲ್ಲಿ ಅತ್ತೆಯ ಮಡಿಲಲ್ಲಿ ಒಂದು ತೊಗಲಿನ ಪಟ್ಟಿ, ಎಣ್ಣೆ, ಹೊಳಪು ಕೊಡುವ ನುಣ್ಣನೆಯ ಕೆಂಪು ಪುಡಿಯ ಡಬ್ಬಿ ಇದ್ದವು. ಆಕೆ ಅತ್ತೆಯ ಕೈ ಹಿಡಿದು ಒಂದೇ ದಿಕ್ಕಿಗೆ ಉಜ್ಜುವುದನ್ನು ತೋರಿಸುತ್ತಿದ್ದರು.

ಅಂದಿನಿಂದ ಪ್ರತಿ ಭಾನುವಾರ ನಮಗೆ ಅದೇ ಶಿಕ್ಷೆ. ಅತ್ತೆಗೆ ಇಂಗ್ಲಿಷ್ ಬಾರದು, ಆಕೆಗೆ ಕನ್ನಡ ಬಾರದು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ನನ್ನ ಕೆಲಸದ ಅಂದಚೆಂದವನ್ನು ಟೀಕಿಸುತ್ತಿದ್ದರು. ಡಿಸೆಂಬರಿನಲ್ಲಿ ಅತ್ತೆ ಊರಿಗೆ ಹೊರಟಾಗ ಆಕೆ ಊರುಗೋಲು ಹಿಡಿದು ಟ್ರಾಮ್ ಸ್ಟಾಪಿನವರೆಗೆ ಬಂದರು. ಅತ್ತೆ ಹೋದ ಮೇಲೂ ನಾನು ಉಜ್ಜಿದೆ. ದೊಡ್ಡ ಕಂಪನಿಯವರು ಸಾವಿರಗಟ್ಟಲೆ ಚಾಕುಗಳನ್ನು ಯಂತ್ರದಲ್ಲಿ ತೆಗೆಯುವ ಕಾಲದಲ್ಲಿ, ಒಂದು ಅಲಗಿನ ಹೊಳಪಿನಲ್ಲಿ ಎಷ್ಟು ಕೈನೋವಿದೆ ಎಂಬುದು ನನಗೆ ಗೊತ್ತಾದದ್ದು ಆ ಚಳಿಗಾಲದಲ್ಲಿ. ನನಗೆ ಅದನ್ನು ಕಲಿಸಿದ್ದಕ್ಕೆ ಆಕೆಗೆ ಎಷ್ಟು ಸಲ ಕೈಮುಗಿದರೂ ಸಾಲದು.

ಫೆಬ್ರುವರಿಯ ಹೊತ್ತಿಗೆ ಅಲಗು ಬೆಳಗಿತು. ಅಲಗು ಬಿಚ್ಚಲು ಉಗುರು ಸಿಕ್ಕಿಸುವ ಗೀರಿನ ಪಕ್ಕದಲ್ಲಿ ಒಂದು ಬೂದು ಮಚ್ಚೆ ಮಾತ್ರ ಉಳಿಯಿತು. ನಾನು ಮತ್ತೆ ಪುಡಿ ಹಚ್ಚಲು ಹೋದಾಗ ಆಕೆ ಚಾಕುವನ್ನು ಕಿತ್ತುಕೊಂಡರು.

"ಸಾಕು ಬಿಡು, ಲವ್. ಚಾಕು ನಮ್ಮಪ್ಪಂದು. ಹೊಳಪು ನಂದು. ಆ ಮಚ್ಚೆ ನಿಮ್ಮತ್ತೇದು. ಅದನ್ನೂ ಅಳಿಸಿಬಿಟ್ಟರೆ ಅವರು ನನ್ನ ಮನೆಗೆ ಬಂದು ಹೋಗಿದ್ದಕ್ಕೆ ನನ್ನ ಹತ್ತಿರ ಏನು ಉಳಿಯುತ್ತೆ?"

ಮನೆಗೆ ಬಂದವಳೇ ತುಮಕೂರಿಗೆ ಫೋನು ಮಾಡಿದೆ. ಮೊದಲು ಆಕೆಯ ಮಾತನ್ನು ಹೇಳಿದೆ. ಆಮೇಲೆ, ಇದು ನಿಮ್ಮ ಮನೆಯಲ್ಲ ಎಂದು ಅಂದು ಆಡಿದ ಮಾತಿಗೆ ಅತ್ತೆಯ ಹತ್ತಿರ ಕ್ಷಮೆ ಕೇಳಿದೆ.