ಬ್ರಾಗಾ ಕಚೇರಿಯ ಮ್ಯಾನೇಜರ್

ಮಸ್ಕತ್ತಿನ ಹಮ್ರಿಯಾದ ಅಂಗಡಿಗಳಲ್ಲಿ ಕ್ಯಾಸ್ಮಿರ್ ಮಸ್ಕರೇನ್ಹಸನಿಗೆ 'ಪೋರ್ಚುಗಲ್' ಎಂದು ಅಡ್ಡಹೆಸರು. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ಅವನು ಲಬನ್ ಮಜ್ಜಿಗೆಯ ಬಾಟಲಿ, ಕುಬ್ಬೂಸ್ ರೊಟ್ಟಿಯ ಕಟ್ಟು ಹಿಡಿದು ಮೆಟ್ಟಿಲಿಳಿದ ಮೇಲೆ ಬೆನ್ನ ಹಿಂದೆ ಅನ್ನುತ್ತಾರೆ. ಹೆಸರಿಟ್ಟವನು ಯಾರೆಂದು ಅವನಿಗೆ ಗೊತ್ತು. ಸಿಟ್ಟು ಮಾತ್ರ ಬರುವುದಿಲ್ಲ. ಅವನ ಮೇಲೆ ಸಿಟ್ಟಾಗುವ ಮುಖ ತನಗಿಲ್ಲ ಎಂಬುದೂ ಗೊತ್ತು.

ಉಡುಪಿ ಹತ್ತಿರದ ಪಾಂಬೂರಿನಿಂದ ಮಸ್ಕತ್ತಿಗೆ ಬಂದಾಗ ಅವನ ಬಳಿ ಇದ್ದದ್ದು ಟೈಪಿಂಗ್ ಸರ್ಟಿಫಿಕೇಟು ಮತ್ತು ಅರೆಬರೆ ಕಂಪ್ಯೂಟರ್ ಜ್ಞಾನ. ಇಬ್ರಾ ಊರಿನ ಹಿಲಾಲ್ ಎಂಬ ವ್ಯಾಪಾರಿ ಮಸ್ಕತ್ತಿನ ರೂವಿ ಪೇಟೆಯಲ್ಲಿ ಆಫೀಸುಗಳಿಗೆ ಟೆಲಿಫೋನ್ ಜೋಡಿಸಿಕೊಡುವ ಸಣ್ಣ ಕಂಪನಿ ಇಟ್ಟಿದ್ದರು. ಅವರೇ ಇವನ ವೀಸಾಕ್ಕೆ ಜಾಮೀನು ನಿಂತ ಕಫೀಲ್, ಅವರೇ ಧಣಿ. ಕಾಲ ಬದಲಾಯಿತು, ಟೆಲಿಫೋನಿನ ವ್ಯಾಪಾರ ಕರಗಿತು. ಕ್ಲಿನಿಕ್ಕು, ಶಾಲೆ, ದಿನಸಿ ಮಳಿಗೆಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಡುವುದು, ಅದು ಕೈಕೊಟ್ಟಾಗ ಫೋನಿನಲ್ಲೇ ಸರಿಪಡಿಸುವುದು ಹೊಸ ವ್ಯಾಪಾರವಾಯಿತು. ಈ ಸಪೋರ್ಟ್ ವಿಭಾಗವನ್ನು ಕಟ್ಟಿದವನು ಕ್ಯಾಸ್ಮಿರ್. ಅಲ್ಲಿ ಕೂತವರನ್ನೆಲ್ಲ ಅವನೇ ಆರಿಸಿ ತಂದಿದ್ದ. ಉಳ್ಳಾಲದ ಬಾದುಶಾ ಅವರಲ್ಲಿ ಮೊದಲನೆಯವನು. "ಈ ಮಹಡಿ ಕ್ಯಾಸ್ಮಿರ್‌ದು, ಬಾಡಿಗೆ ಮಾತ್ರ ನನ್ನದು" ಎಂದು ಹಿಲಾಲ್ ಸಾಹೇಬರು ಮುಂಬಯಿ ಹಿಂದಿಯಲ್ಲಿ ತಮಾಷೆ ಮಾಡುತ್ತಿದ್ದರು.

ಐವತ್ತು ದಾಟಿದ ಮೇಲೆ ಕ್ಯಾಸ್ಮಿರ್‌ಗೆ ಒಂದು ಅಳುಕು ಅಂಟಿಕೊಂಡಿತು. ಗಲ್ಫಿನಲ್ಲಿ ಎಷ್ಟು ವರ್ಷ ಬೇರು ಬಿಟ್ಟರೂ ಅದು ಕುಂಡದೊಳಗಿನ ಬೇರು. ಕೆಲಸ ಮುಗಿದ ದಿನ ಕುಂಡ ಸಮೇತ ಹೊರಡಬೇಕು. ಹೆಂಡತಿ ಇಸಾಬೆಲ್ಲಾ ರೂವಿಯ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ರಿಸೆಪ್ಷನಿಸ್ಟ್. ಮಗಳು ಸಾರಾ ಹುಟ್ಟಿದ್ದು ಇಲ್ಲಿ, ಓದಿದ್ದು ಇಲ್ಲಿ; ಪಾಂಬೂರು ಅವಳಿಗೆ ಸೊಳ್ಳೆ ಮತ್ತು ಸಂಬಂಧಿಕರ ಊರು. ಮುಂದೆ ಎಲ್ಲಿಗೆ ಎಂಬ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ.

ಹಿಲಾಲ್ ಸಾಹೇಬರಿಗೆ ಪಾರ್ಶ್ವವಾಯು ಬಡಿದು ಅವರು ಇಬ್ರಾದ ಮನೆ ಸೇರಿದಾಗ ಮಗ ಖೈಸ್ ಕುರ್ಚಿಗೆ ಬಂದ. ಇಂಗ್ಲೆಂಡಿನಲ್ಲಿ ಓದಿದವನು, ನಗುಮುಖದವನು, ಎಲ್ಲರ ಹೆಗಲ ಮೇಲೂ ಕೈ ಹಾಕುವವನು. ಹಣ ಮಸ್ಕತ್ತಿನಲ್ಲೇ ಕೊಳೆಯಬಾರದು, ಹೊರಗೆ ಹೋಗಿ ದುಡಿಯಬೇಕು ಎಂಬುದು ಅವನ ಮಂತ್ರ. ಆ ಚಳಿಗಾಲ ಪೋರ್ಚುಗಲ್‌ನಿಂದ ಒಂದು ವ್ಯಾಪಾರ ನಿಯೋಗ ಬಂದು ಸಮುದ್ರ ದಂಡೆಯ ಹೋಟೆಲೊಂದರಲ್ಲಿ ಸಭೆ ಇಟ್ಟಿತು. ತಮ್ಮ ದೇಶದ ಮಾಹಿತಿ ತಂತ್ರಜ್ಞಾನ ಕ್ಷೇತ್ರದಲ್ಲಿ ಬಂಡವಾಳ ಹೂಡಲು ಬನ್ನಿ ಎಂಬುದು ಕರೆ. ಖೈಸ್ ಕ್ಯಾಸ್ಮಿರ್‌ನನ್ನೂ ಜೊತೆಗೆ ಕರೆದುಕೊಂಡು ಹೋದ.

ಪರದೆಯ ಮೇಲೆ ಚಿತ್ರಗಳು ಓಡಿದವು. ಸಮುದ್ರದಡಿಯ ಕೇಬಲ್‌ಗಳು ಖಂಡ ಖಂಡಗಳಿಂದ ಬಂದು ದಡ ಸೇರುವ ದೇಶ. ಇಂಗ್ಲಿಷ್ ಬಲ್ಲ ಎಂಜಿನಿಯರುಗಳು, ಜರ್ಮನಿಗಿಂತ ಎಷ್ಟೋ ಕಡಿಮೆ ಸಂಬಳ. ಅಲ್ಲಿ ಒಂದು ಕಚೇರಿ ತೆರೆದರೆ ಇಡೀ ಯುರೋಪಿನ ಬಾಗಿಲು ತೆರೆದಂತೆ. "ಒಮ್ಮೆ ನಾವು ನಿಮ್ಮ ಬಂದರಿಗೆ ಫಿರಂಗಿ ತಂದಿದ್ದೆವು, ಈಗ ಸಾಫ್ಟ್‌ವೇರ್ ತಂದಿದ್ದೇವೆ" ಎಂದು ಭಾಷಣಕಾರ ಹಾಸ್ಯ ಮಾಡಿದ. ಪೋರ್ಚುಗೀಸರು ಕಟ್ಟಿದ ಮಸ್ಕತ್ತಿನ ಕೋಟೆಗಳನ್ನು ದಿನವೂ ನೋಡುವ ಒಮಾನಿ ಹಿರಿಯರು ಗಡ್ಡ ಸವರಿಕೊಂಡರು. ಖೈಸ್ ಜೋರಾಗಿ ನಕ್ಕ.

ಊಟದ ಹೊತ್ತಿಗೆ ತಿಯಾಗೊ ಎಂಬ ತರುಣ ಕ್ಯಾಸ್ಮಿರ್‌ನ ಎದೆಯ ಮೇಲಿನ ಹೆಸರಿನ ಬಿಲ್ಲೆ ಓದಿ ಕಣ್ಣರಳಿಸಿದ. ಬ್ರಾಗಾ ಎಂಬ ಊರಿನಲ್ಲಿ ಅವನದೊಂದು ಪುಟ್ಟ ಸಾಫ್ಟ್‌ವೇರ್ ಕಂಪನಿ. "ಮಸ್ಕರೇನ್ಹಸ್! ನನ್ನ ಅಜ್ಜಿಯ ಮನೆತನದ ಹೆಸರು. ನೀವು ನಮ್ಮವರು!" ಎಂದು ತಬ್ಬಿಕೊಂಡ. ಆ ಹೆಸರು ತನ್ನ ಹಿರಿಯರಿಗೆ ರಕ್ತದಿಂದಲ್ಲ, ಪೋರ್ಚುಗೀಸ್ ಪಾದ್ರಿಗಳು ಕೊಟ್ಟ ಜ್ಞಾನಸ್ನಾನದ ನೀರಿನ ಜೊತೆ ಬಂದದ್ದೆಂದು ಕ್ಯಾಸ್ಮಿರ್‌ಗೆ ಗೊತ್ತಿತ್ತು. ಆದರೂ ಇಷ್ಟು ವರ್ಷಗಳಲ್ಲಿ 'ನಮ್ಮವರು' ಎಂದು ಯಾರೂ ಅವನನ್ನು ಹೀಗೆ ತಬ್ಬಿರಲಿಲ್ಲ. 

ಮುಂದಿನ ವಸಂತದಲ್ಲಿ ಖೈಸ್ ಅವನನ್ನು ಬ್ರಾಗಾಕ್ಕೆ ಕರೆದೊಯ್ದ. ತಿಯಾಗೊನ ಕಂಪನಿಯಲ್ಲಿ ಪಾಲು ಕೊಳ್ಳಬಹುದೇ ಎಂದು ನೋಡುವುದು ಉದ್ದೇಶ. ಕ್ಯಾಸ್ಮಿರ್ ಅಲ್ಲಿನ ಹುಡುಗರೊಡನೆ ಕೂತು, ಅವರ ಕೆಲಸ ಕೆದಕಿ ನೋಡಿ, ಇದು ಗಟ್ಟಿ ಮಾಲು ಎಂದು ಪ್ರಾಮಾಣಿಕವಾಗಿ ಹೇಳಿದ. ಭಾನುವಾರ ಚರ್ಚಿನ ಪೂಜೆಗೆ ಹೋದರೆ ಹಾಡು ಅರ್ಥವಾಗಲಿಲ್ಲ, ರಾಗ ಅರ್ಥವಾಯಿತು. ಬೇಕರಿಯ ಬೋರ್ಡುಗಳ ಮೇಲೆ ಪಾಂಬೂರಿನ ನೆರೆಹೊರೆಯ ಹೆಸರುಗಳು: ಪಿಂಟೊ, ಲೋಬೊ, ಫರ್ನಾಂಡಿಸ್. ಹಿಂದಿರುಗುವ ವಿಮಾನದಲ್ಲಿ ಖೈಸ್ ಅವನ ಮಂಡಿ ತಟ್ಟಿದ. "ಬ್ರಾಗಾ ಕಚೇರಿಗೆ ಮ್ಯಾನೇಜರ್ ನೀನೇ, ಕ್ಯಾಸ್ಮಿರ್. ಹೆಸರೇ ಅರ್ಧ ಕೆಲಸ ಮಾಡುತ್ತದೆ."

ಅಷ್ಟೇ ಮಾತು. ಅದನ್ನು ಕ್ಯಾಸ್ಮಿರ್ ತಾಮ್ರಪತ್ರದಂತೆ ಮನೆಗೆ ತಂದ.

"ಕಾಗದದಲ್ಲಿ ಕೊಟ್ಟಿದ್ದಾರಾ?" ಇಸಾಬೆಲ್ಲಾ ಕೇಳಿದಳು.

"ಹಿಲಾಲ್ ಸಾಹೇಬರ ಮಗ ಮಾರಾಯ್ತಿ. ಅವರ ಮನೆಯಲ್ಲಿ ಮಾತೇ ಕಾಗದ."

"ಅಪ್ಪನ ಮಾತು ಹಾಗೆ. ಮಗನದ್ದು ನಂಗೆ ಗೊತ್ತಿಲ್ಲ."

ಸಾರಾಳಿಗೆ ಮಂಗಳೂರಿನ ಒಳ್ಳೆಯ ಕಾಲೇಜೊಂದರಲ್ಲಿ ಫಿಸಿಯೋಥೆರಪಿ ಸೀಟು ಸಿಕ್ಕಿತ್ತು. ಕ್ಯಾಸ್ಮಿರ್ ಬೇಡವೆಂದ. ಬ್ರಾಗಾದಲ್ಲೇ ವಿಶ್ವವಿದ್ಯಾಲಯ ಇರುವಾಗ ಯಾಕೆ ಎಂದ. ಸಾರಾ ಸೀಟು ಬಿಟ್ಟು ಆನ್‌ಲೈನ್‌ನಲ್ಲಿ ಪೋರ್ಚುಗೀಸ್ ಕಲಿಯಲು ಕೂತಳು. ಗೆಳತಿಯರೆಲ್ಲ ಹೊರಟು ಹೋದರು. ಖಾಲಿ ಫ್ಲ್ಯಾಟಿನಲ್ಲಿ ಅವಳೊಬ್ಬಳೇ 'ಬೊಂ ದೀಯಾ' ಎಂದು ಗೋಡೆಗೆ ಶುಭೋದಯ ಹೇಳುತ್ತಿದ್ದಳು.

ಖೈಸ್ ಪಾಲು ಕೊಂಡ. ಆಮೇಲೆ ಶುರುವಾದದ್ದು ಕಲಿಸುವ ಕೆಲಸ. ಪ್ರತಿ ಮಧ್ಯಾಹ್ನ ಕ್ಯಾಸ್ಮಿರ್ ಮತ್ತು ಅವನ ಹುಡುಗರು ವಿಡಿಯೋ ಕರೆಯಲ್ಲಿ ಬ್ರಾಗಾದ ಎಂಜಿನಿಯರುಗಳಿಗೆ ಪಾಠ ಹೇಳಿದರು. ರಂಜಾನಿನಲ್ಲಿ ಕ್ಲಿನಿಕ್ಕುಗಳ ಹೊತ್ತು ಹೇಗೆ ಬದಲಾಗುತ್ತದೆ, ಅರಬಿ ಬಿಲ್ಲು ಯಾಕೆ ಉಲ್ಟಾ ಮುದ್ರಣವಾಗುತ್ತದೆ, ಯಾವ ಮಳಿಗೆಯವರು ಸಿಟ್ಟಿಗೆದ್ದಾಗ ಯಾವ ಮಾತಿಗೆ ತಣಿಯುತ್ತಾರೆ. ಆ ಕಡೆಯವರು ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡು ತಾನಾಗಿಯೇ ಉತ್ತರಿಸುವ ಯಂತ್ರಕ್ಕೆ ಉಣಿಸಿದರು. ದೂರು ಬಂದರೆ ಮೊದಲು ಯಂತ್ರ, ಅದಕ್ಕೆ ತಿಳಿಯದಿದ್ದರೆ ಬ್ರಾಗಾದ ಮನುಷ್ಯ.

ಬಾದುಶಾಗೆ ವಾಸನೆ ಹತ್ತಿತು. ಒಂದು ದಿನ ಚಹಾ ಹಿಡಿದು ಬಂದು ನಿಂತ.

"ಸಾರ್, ಇದೆಲ್ಲ ಅವರಿಗೆ ಕಲಿಸಿಕೊಟ್ರೆ ನಮಗೆ ಇಲ್ಲಿ ಎಂತ ಕೆಲಸ ಉಳಿತದೆ?"

"ತಲೆಬಿಸಿ ಮಾಡ್ಬೇಡ ಮಾರಾಯ. ಅಲ್ಲಿ ದೊಡ್ಡದಾದ್ರೆ ಇಲ್ಲಿಯೂ ದೊಡ್ಡದಾಗ್ತದೆ. ನಾನಿಲ್ವಾ?"

"ನೀವು ಇದ್ದೀರಿ ಅಂತಲೇ ಕಲಿಸಿದ್ದು ಸಾರ್."

ಬಾದುಶಾಗೆ ಆಗ ಬೇರೊಂದು ಕಂಪನಿಯಿಂದ ಕರೆ ಬಂದಿತ್ತು. ಕ್ಯಾಸ್ಮಿರ್‌ನ ಮಾತು ನಂಬಿ ಅದನ್ನು ಬಿಟ್ಟುಬಿಟ್ಟ. ಕ್ಯಾಸ್ಮಿರ್ ಸುಳ್ಳು ಹೇಳಿರಲಿಲ್ಲ. ಸತ್ಯ ಏನೆಂದು ವಿಚಾರಿಸುವ ಗೋಜಿಗೆ ಹೋಗಿರಲಿಲ್ಲ, ಅಷ್ಟೆ. ಬ್ರಾಗಾದ ಕಿಟಕಿಗಳು ಆಗಲೇ ಅವನ ಕಣ್ಣು ತುಂಬಿದ್ದವು.

ಬೇಸಿಗೆ ಏರುವ ಹೊತ್ತಿಗೆ ಖೈಸ್ ಅವನನ್ನು ಕೋಣೆಗೆ ಕರೆದ. ಸಪೋರ್ಟ್ ವಿಭಾಗ ಮುಚ್ಚುತ್ತೇವೆ, ಎಲ್ಲವೂ ಇನ್ನು ಬ್ರಾಗಾದಿಂದ. "ನೀನೇ ಹೇಳಿಬಿಡು ಅವರಿಗೆ. ನನ್ನ ಬಾಯಿಂದ ಕೇಳಿದರೆ ನೋಯುತ್ತಾರೆ, ನಿನ್ನನ್ನು ಪ್ರೀತಿಸುತ್ತಾರೆ." ಕ್ಯಾಸ್ಮಿರ್ ಹೇಳಿದ. ಒಬ್ಬೊಬ್ಬರನ್ನೇ ಕೂರಿಸಿ ಹೇಳಿದ. ಕೆಲವರು ಅತ್ತರು. ಬಾದುಶಾ ಅಳಲಿಲ್ಲ. ತನ್ನ ಹೆಡ್‌ಫೋನಿನ ವಯರನ್ನು ನೀಟಾಗಿ ಸುತ್ತಿ ಮೇಜಿನ ಮೇಲಿಟ್ಟ.

"ಹಾಗಾದ್ರೆ ಸಾರ್, ನೀವು ಯಾವಾಗ ಹೊರಡುದು ಪೋರ್ಚುಗಲ್‌ಗೆ?"

ಅವನು ದನಿ ಏರಿಸಲಿಲ್ಲ. ಪಕ್ಕದ ಕುರ್ಚಿಯವರೆಲ್ಲ ತಲೆಯೆತ್ತಿ ನೋಡಿದರು. ಅಡ್ಡಹೆಸರು ಹುಟ್ಟಿದ್ದು ಆಗ. ಕೆಲವೇ ವಾರಗಳಲ್ಲಿ ಬಾದುಶಾ ಹಮ್ರಿಯಾದಲ್ಲಿ ಭಾವನ ಮೊಬೈಲ್ ಅಂಗಡಿಗೆ ಸೇರಿಕೊಂಡ, ಹೆಸರೂ ಅವನ ಜೊತೆ ಬೀದಿಗಿಳಿಯಿತು.

ಖಾಲಿ ಮಹಡಿಯಲ್ಲಿ ಕ್ಯಾಸ್ಮಿರ್ ಕಾದ. ಖೈಸ್ ಇಂದು ದುಬೈ, ನಾಳೆ ಲಿಸ್ಬನ್. ಕೊನೆಗೊಮ್ಮೆ ಲಿಫ್ಟಿನ ಬಳಿ ಸಿಕ್ಕಾಗ ಕ್ಯಾಸ್ಮಿರ್ ಅಡ್ಡಗಟ್ಟಿಯೇ ಕೇಳಿದ. ಖೈಸ್ ಎಂದಿನಂತೆ ಹೆಗಲ ಮೇಲೆ ಕೈ ಹಾಕಿದ. "ವಕೀಲರು ಒಪ್ಪುತ್ತಿಲ್ಲ ಕ್ಯಾಸ್ಮಿರ್. ಅಲ್ಲಿ ಮ್ಯಾನೇಜರ್ ವೀಸಾಕ್ಕೆ ಡಿಗ್ರಿ ಬೇಕಂತೆ, ನಿನಗೆ ಇಲ್ಲ. ವಯಸ್ಸೂ ಆಯಿತು. ತಿಯಾಗೊನೇ ನೋಡಿಕೊಳ್ಳುತ್ತಾನೆ." ಲಿಫ್ಟು ಬಂತು. ಒಳಗೆ ಕಾಲಿಟ್ಟವನು ನೆನಪಾದಂತೆ ತಿರುಗಿ, "ನಿನ್ನ ರೆಸಿಡೆಂಟ್ ಕಾರ್ಡ್ ನವೀಕರಣವೂ ಈ ಬಾರಿ ಕಷ್ಟ. ಬೇರೆ ಕಡೆ ಕೆಲಸ ಸಿಕ್ಕರೆ ಬಿಟ್ಟುಕೊಡುವ ರಿಲೀಸ್ ಪತ್ರ ಕೊಡುತ್ತೇನೆ, ಅದರಲ್ಲಿ ತಕರಾರಿಲ್ಲ" ಎಂದ. ಉದಾರವಾಗಿಯೇ ಅಂದ. ಬಾಗಿಲು ಮುಚ್ಚಿತು.

ಶುಕ್ರವಾರ ಕ್ಯಾಸ್ಮಿರ್ ಒಬ್ಬನೇ ಕಾರು ಓಡಿಸಿಕೊಂಡು ಇಬ್ರಾಕ್ಕೆ ಹೋದ. ತಂದೆಯ ಕಾಲು ಹಿಡಿದರೆ ಮಗನ ಕಿವಿ ಹಿಂಡಿಯಾರು ಎಂಬ ಆಸೆ. ದಾರಿಯುದ್ದಕ್ಕೂ ಬೋಳು ಬೆಟ್ಟಗಳು. ಹೇಳಬೇಕಾದ ಮಾತನ್ನು ಹಿಂದಿಯಲ್ಲಿ ಮತ್ತೆ ಮತ್ತೆ ಜೋಡಿಸಿಕೊಂಡ.

ಹಿಲಾಲ್ ಸಾಹೇಬರು ಅತಿಥಿಗಳನ್ನು ಕೂರಿಸುವ ಮಜ್ಲಿಸಿನಲ್ಲಿ ದಿಂಬಿಗೆ ಒರಗಿದ್ದರು. ಒಂದು ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಇವನನ್ನು ಕಂಡದ್ದೇ ಮುಖದ ಒಂದು ಬದಿ ಅರಳಿತು. ಖರ್ಜೂರ ಬಂತು, ಅರಬಿ ಕಾಫಿ ಕಾವಾ ಬಂತು. ಇವನು ಬಾಯಿ ತೆರೆಯುವ ಮೊದಲೇ ಅವರು ತೊದಲುತ್ತಾ ಶುರು ಮಾಡಿದರು.

"ಖೈಸ್ ಎಲ್ಲ ಹೇಳಿದ. ನಿನ್ನನ್ನು ಪೋರ್ಚುಗಲ್‌ಗೆ ದೊಡ್ಡ ಸಾಹೇಬನನ್ನಾಗಿ ಕಳಿಸುತ್ತಿದ್ದಾನಂತೆ. ನಾನೇ ಅವನಿಗೆ ಹೇಳಿದ್ದು, ಕ್ಯಾಸ್ಮಿರ್‌ನ ಋಣ ಇಟ್ಟುಕೊಂಡು ನನ್ನನ್ನು ಮಣ್ಣು ಮಾಡಬೇಡ ಎಂದು. ಹುಡುಗ ಮಾತು ಉಳಿಸಿದ. ಈಗ ನನಗೆ ನೆಮ್ಮದಿ, ಕ್ಯಾಸ್ಮಿರ್."

ಸರಿಯಿದ್ದ ಕೈಯಿಂದ ಅವರು ಇವನ ಮಣಿಕಟ್ಟು ಹಿಡಿದರು. ಕಣ್ಣಲ್ಲಿ ನೀರಿತ್ತು. ದಾರಿಯುದ್ದಕ್ಕೂ ಜೋಡಿಸಿದ ಮಾತು ಕ್ಯಾಸ್ಮಿರ್‌ನ ಮನಸ್ಸಿನಲ್ಲಿ ಸಿದ್ಧವಾಗಿಯೇ ಇತ್ತು. ಹೇಳಿದರೆ ಈ ಮುದುಕ ಸಾಯುವವರೆಗೆ ಮಗನ ಮುಖ ನೋಡಲಾರ. ನೋಡದಿದ್ದರೆ ನಿನಗೇನು ಎಂದು ಒಳಗಿನಿಂದ ಒಂದು ದನಿ ಕೇಳಿತು. 

"ಶುಕ್ರನ್, ಸಾಹೇಬ್," ಎಂದು ಧನ್ಯವಾದ ಹೇಳಿದ. ಕಾವಾ ಕುಡಿದು ಎದ್ದ. ಕಾರಿನಲ್ಲಿ ಕೂತ ಮೇಲೆ ಅವನಿಗೆ ಅಳು ಬರಲಿಲ್ಲ. ಇಷ್ಟು ಜಾಣತನದಿಂದ ಸುಳ್ಳಿಗೆ ಬೇಲಿ ಕಟ್ಟಿದ ಖೈಸನ ಬಗ್ಗೆ ಒಂದು ಬಗೆಯ ಬೆರಗು ಮಾತ್ರ ಬಂತು. ನನ್ನ ಒಳ್ಳೆಯತನವನ್ನೂ ಅವನು ಲೆಕ್ಕಕ್ಕೆ ಹಿಡಿದಿದ್ದ ಎನ್ನಿಸಿತು.

ಸಾರಾ ಒಂದು ವರ್ಷ ತಡವಾಗಿ ಮಂಗಳೂರಿಗೆ ಹೋದಳು. ಫಿಸಿಯೋಥೆರಪಿ ಸೀಟು ಈ ಸಲ ಸಿಗಲಿಲ್ಲ, ಬಿ.ಕಾಂ. ಸಿಕ್ಕಿತು. ವಿಮಾನ ನಿಲ್ದಾಣದಲ್ಲಿ ಕ್ಯಾಸ್ಮಿರ್ ಏನೋ ಹೇಳಲು ಹೊರಟಾಗ, "ಇಟ್ಸ್ ಓಕೆ, ಡ್ಯಾಡಾ. ಜಸ್ಟ್ ಡೋಂಟ್ ಎಕ್ಸ್‌ಪ್ಲೇನ್" ಎಂದಳು. ಕ್ಯಾಸ್ಮಿರ್‌ಗೆ ಅಲ್ ಮವಾಲೇಹ್‌ನ ತರಕಾರಿ ಮಾರುಕಟ್ಟೆಯ ಹತ್ತಿರ ಸಾಗಣೆ ಕಂಪನಿಯೊಂದರಲ್ಲಿ ಲಾರಿಗಳ ಬರುಹೋಗು ನೋಡುವ ಕೆಲಸ ಸಿಕ್ಕಿತು. ಕೊಳೆತ ಟೊಮೇಟೊ ವಾಸನೆಯ ನಡುವೆ ತಗಡಿನ ಪೋರ್ಟಾಕ್ಯಾಬಿನ್ ಕೋಣೆಯೊಂದು. ಅವನ ಮೇಲಿನವನು ಅವನಿಗಿಂತ ಎಷ್ಟೋ ಚಿಕ್ಕವನು, 'ಅಂಕಲ್' ಎನ್ನುತ್ತಾನೆ.

ಕಳೆದ ನವೆಂಬರಿನಲ್ಲಿ ತಿಯಾಗೊ ಮಸ್ಕತ್ತಿಗೆ ಬಂದಿದ್ದ. ಹಳೆಯ ನಂಬರಿಗೆ ಫೋನ್ ಮಾಡಿ, ಊಟಕ್ಕೆ ಬರಲೇಬೇಕೆಂದ. ಕ್ಯಾಸ್ಮಿರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದ. ತಿಯಾಗೊ ಮತ್ತೆ ತಬ್ಬಿಕೊಂಡ. ಬ್ರಾಗಾ ಕಚೇರಿ ಬೆಳೆದಿದೆ, ಮೇಲೊಂದು ಅಂತಸ್ತು ಹಿಡಿದಿದ್ದೇವೆ ಎಂದ. ಸ್ವಲ್ಪ ಹೊತ್ತಿನ ಮೇಲೆ ದನಿ ತಗ್ಗಿಸಿದ.

"ನೀವು ಬರುತ್ತೀರೆಂದು ನಿಮ್ಮ ಕೋಣೆಗೆ ಮೇಜು ಕೂಡ ತರಿಸಿದ್ದೆ. ಬೇಸರವಾಯಿತು. ಆದರೆ ಅರ್ಥವಾಗುತ್ತದೆ, ನಿಮ್ಮ ಹೆಂಡತಿ ಒಪ್ಪದಿದ್ದರೆ ನೀವೇನು ಮಾಡಲು ಸಾಧ್ಯ?"

"ಯಾರು ಹೇಳಿದರು?"

"ಖೈಸ್. ಅವರಿಗೆ ಮಸ್ಕತ್ ಬಿಡಲು ಇಷ್ಟವಿಲ್ಲ ಎಂದರು."

ಈ ಬಾರಿ ಕ್ಯಾಸ್ಮಿರ್ ಸುಮ್ಮನಾಗಲಿಲ್ಲ. "ನನ್ನ ಹೆಂಡತಿಯನ್ನು ಯಾರೂ ಕೇಳಲಿಲ್ಲ. ನಾನು ಬರುವುದಿಲ್ಲ ಎಂದು ಯಾರಿಗೂ ಹೇಳಲಿಲ್ಲ. ವಕೀಲರು ಡಿಗ್ರಿ ಇಲ್ಲವೆಂದರಂತೆ."

"ಯಾವ ವಕೀಲರು?" ಎಂದ ತಿಯಾಗೊ, ಅಂದ ಕೂಡಲೇ ಬಾಯಿ ಮುಚ್ಚಿಕೊಂಡ. ಮುಖ ಕೆಂಪಾಯಿತು. ತಿಯಾಗೊಗೆ ಅನ್ನ ಹಾಕುವವನು ಖೈಸ್, ಎದುರಿಗೆ ಕೂತವನು ಕೇವಲ ಒಂದು ಹೆಸರು. ಅವನು ನ್ಯಾಪ್ಕಿನ್ ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. "ಒಮ್ಮೆ ಪ್ರವಾಸಕ್ಕೆ ಬನ್ನಿ. ಊರೆಲ್ಲ ನಾನೇ ತೋರಿಸುತ್ತೇನೆ," ಎಂದ.

ಮನೆಗೆ ಬಂದು ಕ್ಯಾಸ್ಮಿರ್ ಎಲ್ಲವನ್ನೂ ಇಸಾಬೆಲ್ಲಾಗೆ ಹೇಳಿದ. ಅವಳು ಸಂಜೆಯ ಡ್ಯೂಟಿಗೆ ಹೊರಡಲು ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿದ್ದಳು. ಬಾಚಣಿಗೆ ನಿಂತಿತು.

"ನಾನು ಬೇಡ ಅಂದೆನಂತಾ?"

"ಹಾಗಂತ ಹೇಳಿದ್ದಾನೆ, ಅಯೋಗ್ಯ."

"ಅವನು ಹೇಳಿದ್ದು ಸುಳ್ಳು ಹೌದು. ಆದ್ರೆ ಕೇಳಿದ್ರೆ ನಾನು ಬೇಡ ಅಂತಲೇ ಹೇಳ್ತಿದ್ದೆ. ಸಾರಾಳ ಸೀಟು ಬಿಡಿಸುವಾಗಲೂ ಬೇಡ ಅಂತಿದ್ದೆ." ಅವಳು ತಿರುಗಿ ನೋಡಲಿಲ್ಲ, ಕನ್ನಡಿಯೊಳಗಿಂದಲೇ ನೋಡಿದಳು. "ಖೈಸ್ ಕೇಳ್ಳಿಲ್ಲ. ನೀವು ಕೇಳಿದ್ರಾ?"

ಅವಳು ಬ್ಯಾಗು ತೆಗೆದುಕೊಂಡಳು. ಫ್ರಿಜ್ಜಿನಲ್ಲಿ ಮೀನಿನ ಸಾರು ಉಂಟು, ಬಿಸಿ ಮಾಡಿಕೊಳ್ಳಿ ಎಂದು ಹೇಳಿ ಬಾಗಿಲು ಎಳೆದುಕೊಂಡು ಹೋದಳು. ಅವನು ಇಸ್ತ್ರಿ ಅಂಗಿಯಲ್ಲೇ ಕಿಟಕಿಯ ಬಳಿ ಬಂದ. ಕೆಳಗೆ ಬೀದಿಯಲ್ಲಿ ಬಾದುಶಾನ ಭಾವ ಅಂಗಡಿಯ ದೀಪ ಹಾಕಿದ. ಬೆಳಿಗ್ಗೆ ಲಾರಿಗಳು ಬೇಗ ಬರುವುದಿತ್ತು.