ಬೀಡಿ ಕಟ್ಟುತ್ತ ಉಸಿರು ಕಾದವಳು

ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು: "ಹೌದು, ಅಕ್ಕನ ಜೊತೆ ನಾನೂ ಕೂತಿದ್ದೆ." ಹತ್ತು ಜನರ ಎದುರು ಕೇಳಿದಾಗ ಅದನ್ನು ಹೇಳಲಿಲ್ಲ. ಆಗ ನನಗೆ ಹದಿಮೂರೋ ಹದಿನಾಲ್ಕೋ ಇರಬೇಕು. ಈಗ ನನ್ನ ಮಗಳಿಗೇ ಮದುವೆಯಾಗಿದೆ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು, ಬರೆದು ಅಭ್ಯಾಸ ಇಲ್ಲ. ಆದರೆ ಮೊನ್ನೆ ಮೂಡಬಿದಿರೆಯಿಂದ ಗುರುವಾಯನಕೆರೆಗೆ ಹೋಗುವ ಬಸ್ಸಿನಲ್ಲಿ, ವೇಣೂರು ದಾಟಿದ ಮೇಲೆ, ಹೆಂಗಸೊಬ್ಬಳು ಹತ್ತಿ ನನ್ನ ಸೀಟಿನ ಬದಿಯಲ್ಲಿ ನಿಂತಳು. ಅವಳ ಕೈಚೀಲದಿಂದ ನೆನೆಸಿದ ಬೀಡಿ ಎಲೆಯ ವಾಸನೆ ಬಂತು. ಒದ್ದೆ ಗೋಣಿಯ ಮುಗ್ಗು, ಕಾಡೆಲೆಗೆ ನೀರು ಬಿದ್ದಾಗಿನ ಒಗರು, ಅದರಡಿಯಲ್ಲಿ ಗಂಟಲಿಗೆ ಹತ್ತುವ ಹೊಗೆಸೊಪ್ಪಿನ ಹುಡಿ. ಆ ವಾಸನೆಯಲ್ಲಿ ಬೆಳೆದವರು ಈ ಕಡೆ ಸಾವಿರ ಮನೆಗಳಲ್ಲಿದ್ದಾರೆ. ನೀವೂ ಅಂಥ ಮನೆಯವರಾದರೆ ಕಣ್ಣು ಮುಚ್ಚಿದ ಕೂಡಲೇ ನಿಮಗೆ ನಿಮ್ಮ ಜಗಲಿ ಕಾಣುತ್ತದೆ. ನನಗೆ ನಮ್ಮದು ಕಂಡಿತು. ಜಗಲಿಯ ಮೂಲೆಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತ ವಾರಿಜಕ್ಕ ಕಂಡಳು.

ನಮ್ಮ ಮನೆ ಮಾಣಿಯಲ್ಲಿ, ಹೆದ್ದಾರಿಗೆ ತಾಗಿ ಇತ್ತು. ಬೆಂಗಳೂರಿಗೆ ಹೋಗುವ ಲಾರಿ ಗೇರು ಬದಲಿಸುವಾಗ ಮಾಡಿನ ಹೆಂಚು ಗಡಗಡ ಅನ್ನುತ್ತಿತ್ತು. ಅಪ್ಪ ಪೇಟೆಯ ಹೋಟೆಲಿನಲ್ಲಿ ಅಡುಗೆಗೆ ಹೋಗುತ್ತಿದ್ದರು. ಅಮ್ಮ, ಅಕ್ಕ, ನಾನು ಮತ್ತು ಬದಿಯ ಮನೆಯ ಆಯಿಶಮ್ಮ ಜಗಲಿಯಲ್ಲಿ ಸಾಲಾಗಿ ಕೂತು, ತೊಡೆಯ ಮೇಲೆ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದೆವು. ಎಲೆ ಕತ್ತರಿಸುವ ಕತ್ತರಿಯ ಕಚಕಚ, ಆಯಿಶಮ್ಮನ ಬಾಯಿ, ರಸ್ತೆಯ ಲಾರಿ, ಈ ಮೂರೂ ನಿಂತ ಹಗಲು ಆ ಮನೆಯಲ್ಲಿ ಇರಲಿಲ್ಲ. ಮನೆಗೆ ತಾಗಿದ ಒಂದು ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದರು. ಅದಕ್ಕೆ ಒಂದು ವರ್ಷ ಕಲಬುರಗಿ ಕಡೆಯಿಂದ ಶಾಂತಾ ಟೀಚರ್ ಬಂದರು. ಶಾಲೆಗೆ ಹೊಸತಾಗಿ ಬಂದವರು, ನಮ್ಮ ತುಳು ಒಂದಕ್ಷರ ಬಾರದವರು. ಅವರ ಕೋಣೆಯಲ್ಲಿ ದೇವರ ಪಟ ಇರಲಿಲ್ಲ. ಕಣ್ಣು ಅರ್ಧ ಮುಚ್ಚಿ ಕೂತ ಬುದ್ಧನ ಒಂದು ಚಿತ್ರ ಇತ್ತು. ಬೆಳಿಗ್ಗೆ ಅದರ ಎದುರು ಅವರೂ ಹಾಗೆಯೇ ಕೂರುತ್ತಿದ್ದರು. ಹಾಲು ಕೊಡಲು ಹೋದ ಅಕ್ಕ ಬಾಗಿಲಲ್ಲೇ ನಿಂತು ನೋಡಿ, ಒಂದು ದಿನ ಕೇಳಿಯೇ ಬಿಟ್ಟಳು.

"ನೀವು ಎಂತ ಬೇಡಿಕೊಳ್ಳುವುದು ಟೀಚರೇ?"

"ಏನೂ ಬೇಡಂಗಿಲ್ಲ ತಂಗೀ. ಉಸಿರು ಬರ್ತದ, ಹೋಗ್ತದ. ಅದನ್ನ ನೋಡ್ಕೋತ ಕುಂಡ್ರತೀನಿ."

ಅಕ್ಕ ಅಲ್ಲೇ ಕೂತಳು. ಅವಳ ಸೆರಗು ಹಿಡಿದು ಹೋಗಿದ್ದ ನಾನೂ ಕೂತೆ. ಮೂಗಿನ ತುದಿಯಲ್ಲಿ ಗಾಳಿ ತಾಗುವುದನ್ನು ಗಮನಿಸಬೇಕು, ಅಷ್ಟೇ. ಇಷ್ಟು ಸುಲಭವೇ ಎಂದುಕೊಂಡರೆ ನಾಲ್ಕನೆಯ ಉಸಿರಿಗೆ ನನ್ನ ಮನಸ್ಸು ಹೋಟೆಲಿನ ಗೋಳಿಬಜೆಗೆ ಹೋಗಿರುತ್ತಿತ್ತು. ಹಾಗೆ ಹೇಳಿದಾಗ ಟೀಚರ್ ನಕ್ಕರು. "ಹೋದ್ರ ಹೋಗ್ಲಿ. ಬೈಬ್ಯಾಡ. ಕೈ ಹಿಡ್ಕೊಂಡು ಬಂದು ಮತ್ತ ಉಸಿರಿನ ಬಾಜೂಕ ಕುಂಡ್ರಿಸು. ನೂರು ಸರ್ತಿ ಓಡಿದ್ರ ನೂರು ಸರ್ತಿ ಕರ್ಕೊಂಡು ಬಾ. ಕರ್ಕೊಂಡು ಬರೋದೇ ಧ್ಯಾನ." ಲಾರಿಯ ಶಬ್ದಕ್ಕೆ ಆಗುವುದಿಲ್ಲ ಎಂದು ಅಕ್ಕ ಹೇಳಿದರೆ, ಶಬ್ದ ಬಂತು ಎಂದು ತಿಳಿ, ಹೋದಾಗ ಹೋಯಿತು ಎಂದು ತಿಳಿ, ಅದೂ ಉಸಿರಿನ ಹಾಗೆಯೇ ಅಂದರು. ಹಟ ಹಿಡಿದು ಸಾಧನೆ ಮಾಡಿ ಕಾಲು ರಕ್ತ ಮಾಡಿಕೊಂಡ ಭಿಕ್ಷು ಒಬ್ಬನಿಗೆ ಬುದ್ಧ ವೀಣೆಯ ತಂತಿಯನ್ನು ನೆನಪಿಸಿದ ಕತೆಯನ್ನೂ ಅವರೇ ಹೇಳಿದ್ದು. ತಂತಿ ತೀರ ಬಿಗಿಯಾದರೂ ಆಗದು, ತೀರ ಸಡಿಲವಾದರೂ ಆಗದು. ಅಕ್ಕ ವೀಣೆಯನ್ನು ಕಂಡವಳಲ್ಲ. ಸ್ವಲ್ಪ ಯೋಚಿಸಿ, "ಬೀಡಿಯ ಹಾಗೆ ಅಲ್ಲವಾ ಟೀಚರೇ? ನೂಲು ಬಿಗಿದರೆ ಎಲೆ ಒಡೆಯುತ್ತದೆ, ಸಡಿಲ ಬಿಟ್ಟರೆ ಬಿಚ್ಚಿಕೊಳ್ತದೆ" ಅಂದಳು.

ದಸರಾ ರಜೆಗೆ ಟೀಚರ್ ಊರಿಗೆ ಹೋದ ಮೇಲೂ ನಾವಿಬ್ಬರು, ಅಮ್ಮ ಹಾಲು ಕರೆಯಲು ಹಟ್ಟಿಗೆ ಹೋದ ಹೊತ್ತಿನಲ್ಲಿ, ಜಗಲಿಯ ಮೂಲೆಯಲ್ಲಿ ಕೂರುವುದನ್ನು ಬಿಡಲಿಲ್ಲ. ಒಂದು ಬೆಳಿಗ್ಗೆ ಸೊಳ್ಳೆ ಕಚ್ಚಿತೆಂದು ನಾನು ನಡುವೆ ಎದ್ದು ಒಳಗೆ ಹೋದೆ. ಅಷ್ಟು ಹೊತ್ತಿಗೆ ಅಮ್ಮ ಹಟ್ಟಿಯಿಂದ ಬಂದರು. ಕರೆದರೆ ಅಕ್ಕ ಓಗೊಡಲಿಲ್ಲ. ಕಣ್ಣು ಮುಚ್ಚಿತ್ತು, ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಭುಜ ತುಸು ನಡುಗುತ್ತಿತ್ತು. ನಮ್ಮ ಕಡೆ ಇದನ್ನು ಕಂಡವರಿಗೆ ಬರುವ ಯೋಚನೆ ಒಂದೇ: ದರ್ಶನ, ಮೈಮೇಲೆ ದೈವ ಬಂದಿದೆ. ಅಮ್ಮ ಹಾಲಿನ ತಂಬಿಗೆ ಕೆಳಗಿಟ್ಟು, ಹೆತ್ತ ಮಗಳ ಎದುರು ಕೈಮುಗಿದು ನಿಂತರು.

"ಯಾರು ಬಂದದ್ದು? ನಮ್ಮಿಂದ ಎಂತ ತಪ್ಪಾಗಿದೆ?"

ಅಕ್ಕ ಕಣ್ಣು ತೆರೆದಳು. "ಎಂತ ಅಮ್ಮ? ನಾನೇ, ವಾರಿಜ."

ಬೇಲಿಯಾಚೆ ನಿಂತಿದ್ದ ಆಯಿಶಮ್ಮ ಸುಮ್ಮನಿರುವವರೇ? "ಬಂದದ್ದು ಬಂತಲ್ಲ ಮಾರಾಯ್ತಿ, ನನ್ನ ಗಂಡನಿಗೆ ದುಬೈ ವೀಸಾ ಯಾವಾಗ ಬರ್ತದೆ ಅಂತ ಒಮ್ಮೆ ಕೇಳು!" ಅಕ್ಕನೂ ನಕ್ಕಳು, ಒಳಗಿನಿಂದ ಓಡಿ ಬಂದ ನಾನೂ ನಕ್ಕೆ. ಅಮ್ಮ ಮಾತ್ರ ನಗಲಿಲ್ಲ.

ಎರಡು ದಿನ ಬಿಟ್ಟು ಅಪ್ಪ ಪ್ರಶ್ನೆ ನೋಡುವ ಹಿರಿಯರೊಬ್ಬರನ್ನು ಮನೆಗೆ ಕರೆತಂದರು. ಚಾವಡಿ ತುಂಬ ಜನ. ಆ ಹಿರಿಯರು ಒಳ್ಳೆಯವರೇ. ಕವಡೆ ಮಗುಚಿ ನೋಡಿ, "ಇಲ್ಲಿ ದೈವದ ಲಕ್ಷಣ ಕಾಣುವುದಿಲ್ಲವಲ್ಲ. ನೀನು ಎಂತ ಮಾಡ್ತಾ ಇದ್ದದ್ದು ಮಗಾ?" ಎಂದು ಮೆಲ್ಲಗೆ ಕೇಳಿದರು. ಅಕ್ಕ ಹೆದರದೆ ಹೇಳಿದಳು: "ಉಸಿರು ನೋಡ್ತಾ ಇದ್ದೆ, ಕಣ್ಣಲ್ಲಿ ನೀರು ತಾನಾಗಿ ಬಂತು. ಟೀಚರ್ ಕಲಿಸಿದ್ದು. ಬೇಕಾದರೆ ತಂಗಿಯನ್ನು ಕೇಳಿ, ಅವಳೂ ನನ್ನ ಜೊತೆ ಕೂರ್ತಾಳೆ. ಅವಳಿಗೆ ಎಂತ ಆಗಿದೆ?" ಎಲ್ಲರ ಮುಖ ನನ್ನ ಕಡೆ ತಿರುಗಿತು. ಅಪ್ಪನ ಮುಖ ಕಂಡಿತು, ಅಮ್ಮನ ಕೈಯಲ್ಲಿದ್ದ ಕಪ್ಪು ನೂಲು ಕಂಡಿತು. ಹೌದೆಂದರೆ ನನ್ನ ತೋಳಿಗೂ ಒಂದು ಕಟ್ಟುತ್ತಾರೆ, ನಾಳೆ ಕಟ್ಟಿದ ಬೀಡಿ ಕೊಡಲು ಹೋಗುವ ಬ್ರಾಂಚಿನಲ್ಲಿ ಹುಡುಗಿಯರು ನನ್ನನ್ನೂ ನೋಡಿ ಪಿಸುಗುಡುತ್ತಾರೆ ಅನ್ನಿಸಿತು.

"ನನಗೆ ಗೊತ್ತಿಲ್ಲ," ಅಂದೆ. "ನಾನು ಕೂರಲಿಲ್ಲ."

ಹಿರಿಯರು ನಿಟ್ಟುಸಿರು ಬಿಟ್ಟು, ಹಾಗಾದರೆ ಯಾವುದೋ ಗಾಳಿ ಸೋಕಿರಬೇಕು ಅಂದರು. ಅಕ್ಕನ ತೋಳಿಗೆ ನೂಲು ಬಿತ್ತು. ಕಣ್ಣು ಮುಚ್ಚಿ ಕೂರಬಾರದು ಎಂದು ಅಪ್ಪ ಕಟ್ಟುಮಾಡಿದರು. ರಜೆ ಮುಗಿಸಿ ಬಂದ ಟೀಚರಿಗೆ, ಕೋಣೆ ನಮಗೆ ಬೇಕು ಎಂದಷ್ಟೇ ಹೇಳಿದರು. ಅವರು ಕಾರಣ ತಿಳಿಯದೆ ಟ್ರಂಕು ಹೊರಿಸಿಕೊಂಡು ಬಿ.ಸಿ.ರೋಡಿನ ಕಡೆ ಹೋದರು, ಆಮೇಲೆ ವರ್ಗ ಮಾಡಿಸಿಕೊಂಡರು. ಗಾಳಿ ಸೋಕಿದ ಹುಡುಗಿ ಎಂಬ ಮಾತು ಊರು ದಾಟಿತು. ವಿಟ್ಲದಿಂದ ಹೆಣ್ಣು ನೋಡಲು ಬರುತ್ತೇವೆ ಅಂದಿದ್ದವರು ಬರಲಿಲ್ಲ. ಮತ್ತೆ ಯಾರೂ ಬರಲಿಲ್ಲ. ನನಗೆ ಮಾತ್ರ ಕಾಲಕ್ಕೆ ಸರಿಯಾಗಿ ಮೂಡಬಿದಿರೆಗೆ ಮದುವೆಯಾಯಿತು. ದಿಬ್ಬಣದ ದಿನ ನನ್ನ ಜಡೆಗೆ ಮಲ್ಲಿಗೆ ಮುಡಿಸಿದ್ದು ಅಕ್ಕನೇ. ಅವಳು ಒಂದು ದಿನವೂ ನನ್ನನ್ನು ದೂರಲಿಲ್ಲ. ದೂರಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆನೋ ಏನೋ.

ಅವಳು ಅಲ್ಲಿಗೆ ಬಿಟ್ಟಳು ಎಂದೇ ನಾನು ತಿಳಿದಿದ್ದೆ. ಹೆರಿಗೆಗೆಂದು ತವರಿಗೆ ಬಂದಾಗ, ಬೇರೆ ಕೆಲಸವಿಲ್ಲದೆ ಅಕ್ಕ ಬೀಡಿ ಕಟ್ಟುವುದನ್ನೇ ನೋಡುತ್ತ ಕೂರುತ್ತಿದ್ದೆ. ಕಣ್ಣು ತೆರೆದೇ ಇತ್ತು. ಎಲೆಗೆ ಹುಡಿ ತುಂಬುವಾಗ ಎದೆ ಏರುತ್ತಿತ್ತು, ಸುರುಳಿ ಸುತ್ತಿ ನೂಲು ಹಾಕುವಾಗ ಇಳಿಯುತ್ತಿತ್ತು. ಒಂದು ಬೀಡಿಗೆ ಒಂದು ಉಸಿರು. ಆಯಿಶಮ್ಮ ಪಕ್ಕದಲ್ಲೇ ಕೂತು ಊರಿನ ಸುದ್ದಿಯೆಲ್ಲ ಹೇಳುತ್ತಿದ್ದರೂ ಆ ಲಯ ತಪ್ಪುತ್ತಿರಲಿಲ್ಲ. ತಪ್ಪಿದರೆ ಕೈ ಒಂದು ಕ್ಷಣ ನಿಂತು ಮತ್ತೆ ಶುರುವಾಗುತ್ತಿತ್ತು. ಓಡಿ ಹೋದ ಮನಸ್ಸನ್ನು ಕೈ ಹಿಡಿದು ಕರೆತರುವುದು ಎಂದರೆ ಏನೆಂದು ಅವತ್ತು ನಾನು ಕಣ್ಣಾರೆ ಕಂಡೆ. "ಅಕ್ಕ, ನೀನು ಬಿಡಲೇ ಇಲ್ಲವಾ?" ಎಂದು ಕೇಳಿದೆ. "ಅಪ್ಪ ಕಣ್ಣು ಮುಚ್ಚಬೇಡ ಅಂದದ್ದು, ಉಸಿರಾಡಬೇಡ ಅನ್ನಲಿಲ್ಲವಲ್ಲ" ಎಂದು ನಕ್ಕಳು. ಮನೆಯವರ ಎದುರೇ, ಹಾಡುಹಗಲೇ, ಅವಳು ವರ್ಷಗಟ್ಟಲೆ ಧ್ಯಾನ ಮಾಡಿದ್ದಳು. ಕೆಲಸದಲ್ಲಿ ಗಮನ ಒಳ್ಳೆಯದು ಎಂದು ಅಪ್ಪ ಹೊಗಳಿಯೂ ಇದ್ದರಂತೆ!

ಅಪ್ಪ ತೀರಿದ ಮೇಲೆ ಅಮ್ಮನಿಗೆ ಉಬ್ಬಸ ಹೆಚ್ಚಾಯಿತು. ಜೀವಮಾನದ ಹೊಗೆಸೊಪ್ಪಿನ ಹುಡಿ ಎದೆಯಲ್ಲಿ ಕೂತಿತ್ತು. ಉಸಿರು ಸಿಗದೆ ಗಾಬರಿಯಾಗಿ, ಗಾಬರಿಗೆ ಮತ್ತಷ್ಟು ಉಸಿರು ಕಟ್ಟಿ ಅಮ್ಮ ಒದ್ದಾಡುವಾಗ ಅಕ್ಕ ಬೆನ್ನು ನೀವುತ್ತ ಕೂರುತ್ತಿದ್ದಳು. ನಾನು ನೋಡಲು ಹೋಗಿದ್ದ ಒಂದು ಮಧ್ಯಾಹ್ನ ಅಮ್ಮ ಅವಳ ಕೈ ಹಿಡಿದುಕೊಂಡು ಹೇಳಿದರು: "ಆ ನಿನ್ನ ಉಸಿರು ನೋಡುವುದು ಉಂಟಲ್ಲ, ನನಗೂ ಒಮ್ಮೆ ಹೇಳಿಕೊಡು ಮಗಾ." ಹಿಂದೆ ಮಗಳ ಎದುರು ಕೈಮುಗಿದು ನಡುಗಿದ್ದ ಅಮ್ಮ, ಅದೇ ಮಗಳ ಎದುರು ಮಗುವಿನ ಹಾಗೆ ಕಣ್ಣು ಮುಚ್ಚಿದರು. ಉಬ್ಬಸ ಹೋಗಲಿಲ್ಲ, ಗಾಬರಿ ಹೋಯಿತು. ಕೊನೆಯ ದಿನಗಳಲ್ಲಿ ಅವರ ಮುಖ ಅಷ್ಟು ತಿಳಿಯಾಗಿದ್ದದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಹೆದ್ದಾರಿ ಅಗಲವಾದಾಗ ಆ ಮನೆ ಹೋಯಿತು. ನಮ್ಮ ಜಗಲಿ ಇದ್ದಲ್ಲಿ ಈಗ ಬೆಂಗಳೂರಿನ ಬಸ್ಸುಗಳು ಓಡುತ್ತವೆ. ಆಯಿಶಮ್ಮ ಮಗಳ ಜೊತೆ ಗುರುವಾಯನಕೆರೆಗೆ ಬಂದವರು ಅಕ್ಕನಿಗೂ ಅಲ್ಲೇ ಒಂದು ಸಣ್ಣ ಮನೆ ನೋಡಿಕೊಟ್ಟರು. ಅದರ ಜಗಲಿಯಲ್ಲಿ ಅಕ್ಕ ಭಾನುವಾರ ಬೆಳಿಗ್ಗೆ ಕಣ್ಣು ಮುಚ್ಚಿ ಕೂರತೊಡಗಿದಳು. ತಡೆಯುವವರು ಯಾರೂ ಇರಲಿಲ್ಲ. ಮೊದಲು ಒಬ್ಬಳೇ, ಆಮೇಲೆ ಆಯಿಶಮ್ಮನ ಮಗಳು, ಅಂಗನವಾಡಿಯವಳು, ಬೆಳ್ತಂಗಡಿಯಿಂದ ಬಸ್ಸು ಹಿಡಿದು ಬರುವ ಬೀಡಿಯ ಹೆಂಗಸರು. ನಾನು ಹೋಗುತ್ತಿದ್ದೆ, ಚಾ ಮಾಡಿ ಕೊಡುತ್ತಿದ್ದೆ. ಕೂರುತ್ತಿರಲಿಲ್ಲ. ಕೂರಲಿಲ್ಲ ಎಂದು ಸುಳ್ಳು ಹೇಳಿದವಳಿಗೆ ಅಲ್ಲಿ ಜಾಗ ಎಲ್ಲಿ?

ಮೂಡಬಿದಿರೆಯಲ್ಲಿ ನಾನು ಹಾಸ್ಟೆಲೊಂದರ ಅಡುಗೆಮನೆಯಲ್ಲಿ ಕೆಲಸಕ್ಕೆ ಇದ್ದೇನೆ. ಈ ವರ್ಷ ಮಕ್ಕಳನ್ನು ಸೇರಿಸುವ ದಿನ, ಗೇಟಿನ ಹತ್ತಿರ ಮೊಮ್ಮಗಳ ಪೆಟ್ಟಿಗೆಯ ಮೇಲೆ ಕೂತಿದ್ದ ಬಿಳಿಕೂದಲಿನ ಅಜ್ಜಿಯೊಬ್ಬರು ಆಳಿನ ಹತ್ತಿರ "ಮಾಣಿ ಅಂತ ಊರು ಇಲ್ಲಿಂದ ದೂರ ಏನು?" ಎಂದು ಕೇಳುತ್ತಿದ್ದರು. ಅಡುಗೆಮನೆಯ ಕಿಟಕಿಗೆ ಆ ದನಿ ಕೇಳಿದೊಡನೆ ನನ್ನ ಕೈಯ ಸೌಟು ನಿಂತಿತು. ಹೋಗಿ ಹೆಸರು ಹೇಳಿದೆ. ಶಾಂತಾ ಟೀಚರ್ ನನ್ನ ಗಲ್ಲ ಹಿಡಿದು ಮೊದಲು ಕೇಳಿದ್ದು, "ನಿಮ್ಮಕ್ಕ ಇನ್ನೂ ಕುಂಡ್ರತಾಳೇನು?" ಹೌದೆಂದೆ. ಅವರು ಕಣ್ಣು ಒರೆಸಿಕೊಂಡರು. "ಯಜಮಾನ್ರು ಹೋದ ಮ್ಯಾಲ ನಾ ಬಿಟ್ಟುಬಿಟ್ಟೆ ತಂಗೀ. ಕಲಿಸಿದಾಕಿ ಬಿಟ್ಟೆ, ಕಲ್ತಾಕಿ ಬಿಡಲಿಲ್ಲ!"

ಹಾಗೆ ಮರುದಿನ, ಭಾನುವಾರ, ಮೊದಲ ಬಸ್ಸಿಗೆ ಅವರನ್ನು ಕರೆದುಕೊಂಡು ಹೊರಟದ್ದು, ದಾರಿಯಲ್ಲಿ ಆ ಬೀಡಿ ಎಲೆಯ ವಾಸನೆ ಬಂದದ್ದು. ಅಕ್ಕ ಜಗಲಿಯಿಂದ ಇಳಿದು ಟೀಚರ ಕಾಲು ಮುಟ್ಟಹೋದಳು. ಟೀಚರ್ ಅವಳನ್ನು ಎತ್ತಿ ಅಪ್ಪಿಕೊಂಡರು. "ಇವತ್ತು ನಾ ನಿನ್ನ ಹತ್ರ ಕಲಿಯಾಕ ಬಂದೀನಿ" ಎಂದು ಹೆಂಗಸರ ಸಾಲಿನಲ್ಲಿ ಕೂತರು. ಜಗಲಿ ತುಂಬಿತ್ತು. ಟೀಚರ ಪಕ್ಕದಲ್ಲಿ ಒಂದು ಚಾಪೆ ಖಾಲಿ ಇತ್ತು, ಅವರು ಅದನ್ನು ತಟ್ಟಿ ನನ್ನನ್ನು ನೋಡಿದರು. ಕೂತೆ. ರಸ್ತೆಯಲ್ಲಿ ಬಸ್ಸು ಬಂತು, ಹೋಯಿತು. ಉಸಿರು ಬಂತು, ಹೋಯಿತು. ಮನಸ್ಸು ಮಾಣಿಯ ಚಾವಡಿಗೆ ಓಡಿತು. ಕೈ ಹಿಡಿದು ಕರೆತಂದೆ. ಮತ್ತೆ ಓಡಿತು, ಮತ್ತೆ ಕರೆತಂದೆ. ಕಣ್ಣು ತೆರೆದಾಗ ಎಲ್ಲರ ಮುಖದ ಮೇಲೆ ಬಿಸಿಲಿತ್ತು.

"ಚಾ ಆಯ್ತಾ?" ಎಂದು ಆಯಿಶಮ್ಮ ಕೋಲೂರಿಕೊಂಡು ಒಳಗೆ ಬಂದರು. "ಇಷ್ಟು ವರ್ಷ ಕೂತಿದ್ದೀ ವಾರಿಜ, ನನ್ನ ಗಂಡನ ವೀಸಾ ಮಾತ್ರ ಕೊನೆಗೂ ಬರಲಿಲ್ಲ ನೋಡು." ಜಗಲಿಯೆಲ್ಲ ನಕ್ಕಿತು. ನಗು ಇಳಿದು ಚಾ ಬಂದ ಮೇಲೆ ಅಂಗನವಾಡಿಯವಳು ಕೇಳಿದಳು, "ವಾರಿಜಕ್ಕ, ಮೊಟ್ಟಮೊದಲು ನಿಮ್ಮ ಜೊತೆ ಕೂತದ್ದು ಯಾರು?"

ಅಕ್ಕ ನನ್ನ ಕಡೆ ನೋಡಲಿಲ್ಲ. ನನ್ನ ಮಾನ ಕಾಯಲೆಂದೇ ನೋಡಲಿಲ್ಲ. "ಅದೆಲ್ಲ ಹಳೆಯದು, ಈಗ ಯಾಕೆ?" ಎಂದು ಚಾದ ಲೋಟ ಎತ್ತಿಕೊಂಡಳು. ಆವತ್ತಿನ ಚಾವಡಿಯಷ್ಟೇ ಜನ ಇಲ್ಲೂ ಇದ್ದರು. ನಾನು ಚಾಪೆಯಿಂದ ಎದ್ದು ನಿಂತೆ.

"ನಾನು," ಅಂದೆ. "ನಾನೂ ಕೂತಿದ್ದೆ ಅಕ್ಕ. ನನಗೆ ಎಲ್ಲ ಗೊತ್ತಿತ್ತು. ಎಲ್ಲರ ಎದುರು ಗೊತ್ತಿಲ್ಲ ಅಂದೆ, ನಿನ್ನನ್ನು ಒಬ್ಬಳೇ ಮಾಡಿದೆ. ಟೀಚರೇ, ನಿಮ್ಮ ಕೋಣೆ ಹೋದದ್ದೂ ಅದಕ್ಕೇ. ಈಗ ಎಲ್ಲರ ಎದುರೇ ಹೇಳ್ತೇನೆ. ನನ್ನಿಂದ ತಪ್ಪಾಯ್ತು ಅಕ್ಕ, ಕ್ಷಮಿಸು."