ಹೂವಿನ ಹಲಗೆ

ಶ್ರೀರಾಂಪುರದ ಆಚೆ ಶಾಮಣ್ಣನವರ ತೋಟದಲ್ಲಿ ಇನ್ನೂ ಮಸುಕು ಬೆಳಕು. ಬಾವಿಕಟ್ಟೆಯ ಬಳಿ ನಿಂಗಯ್ಯ ತಮ್ಮ ಕೈಗಾಡಿಯ ಕಬ್ಬಿಣದ ತೊಟ್ಟಿಗೆ ಎರಡು ಕೊಡ ನೀರು ಸುರಿದು ತೊಳೆಯುತ್ತಾರೆ. ಆಮೇಲೆ ಗೋಡೆಗೆ ಒರಗಿಸಿದ್ದ ಹಲಸಿನ ಹಲಗೆಯನ್ನು ತಂದು ತೊಟ್ಟಿಯ ಮೇಲೆ ಅಡ್ಡಲಾಗಿಟ್ಟು, ಅದರ ಮೇಲೆ ಮಲ್ಲಿಗೆ, ತುಳಸಿಯ ಬುಟ್ಟಿಗಳನ್ನು ಜೋಡಿಸುತ್ತಾರೆ.

"ನಡಿಯವ್ವ," ಎನ್ನುತ್ತಾರೆ. ಹೇಳಿದ್ದು ಗಾಡಿಗೆ.

ಕೃಷ್ಣಮೂರ್ತಿಪುರಂನ ಒಂದು ಪುಟ್ಟ ಗುಡಿಗೆ, ಬಾಗಿಲು ತೆರೆಯುವ ಹೊತ್ತಿಗೆ ಈ ಹೂವು ಮುಟ್ಟಬೇಕು. ಅಲ್ಲಿಂದ ಹಿಂದಿರುಗಿದರೆ ಸಂಜೆಯವರೆಗೆ ತೋಟದೊಳಗಿನ ದುಡಿಮೆ. ತಿಪ್ಪೆಯ ಗೊಬ್ಬರ, ತೆಂಗಿನಕಾಯಿ, ಸೋಗೆ, ಬಾಳೆಗೊನೆ, ಬೇಲಿಗೆ ಕಲ್ಲು, ಹೀಗೆ ದಿನಕ್ಕೆ ಹತ್ತು ಹನ್ನೆರಡು ಹೇರು. ಎತ್ತಿನ ಗಾಡಿ ನುಗ್ಗದ ಸಾಲುಗಳಲ್ಲೆಲ್ಲ ಇವರದೇ ಓಡಾಟ. ಕಷ್ಟವಲ್ಲವೇ ಎಂದರೆ ನಗುತ್ತಾರೆ. "ಏರಲ್ಲಿ ನಾನು ಅದನ್ನ ತಳ್ತೀನಿ, ಇಳಿಜಾರಲ್ಲಿ ಅದು ನನ್ನ ತಳ್ತದೆ. ಅಲ್ಲಿಗಲ್ಲಿಗೆ ಸರಿಯಾಯ್ತು ಬುಡಿ ಸ್ವಾಮಿ."

ಈ ಕಬ್ಬಿಣದ ಗಾಡಿ ಹೊಸದು. ಹಳೆಯದು ಮರದ್ದು, ಸ್ವಾತಂತ್ರ್ಯ ಬಂದ ವರ್ಷ ಬಡಗಿ ಮಾಡಿಕೊಟ್ಟದ್ದು. ಅದರ ತಳದ ಹಲಗೆಗೆ ಮೊಳೆ ಹೊಡೆಯಲು ನಿಂಗಯ್ಯ ಬಿಟ್ಟಿರಲಿಲ್ಲ. ಒಂದು ಮುಖ ಗೊಬ್ಬರಕ್ಕೆ, ಒಂದು ಮುಖ ಹೂವಿಗೆ. ಬೆಳಗ್ಗೆ ಹೂವಿನ ಮುಖ ಮೇಲೆ. ಗುಡಿಯಿಂದ ಬಂದ ಮೇಲೆ ಹಲಗೆ ಮಗುಚುವುದು. ಯಾರೂ ಹೇಳಿಕೊಟ್ಟ ನೇಮವಲ್ಲ.

ಹೋದ ದಸರೆಯ ಹಿಂದೆಮುಂದೆ ಆ ಗಾಡಿಯ ಅಚ್ಚು ಮುರಿಯಿತು. ರಬ್ಬರ್ ಚಕ್ರದ ಹೊಸ ಗಾಡಿ ಬಂತು. ಶಾಮಣ್ಣನವರ ಮಡದಿ ನಾಗಮಣಿಯವರು ಅದರ ತೊಟ್ಟಿ ನೋಡಿ ಹೇಳಿದರಂತೆ: "ಗೊಬ್ಬರ ತುಂಬೋ ಕಡೆ ದೇವರ ಹೂವು ಬೇಡಪ್ಪ ನಿಂಗಯ್ಯ. ಇನ್ಮೇಲೆ ನಮ್ಮ ಆಳು ಪುಟ್ಟಣ್ಣ ಸೈಕಲ್ಲಲ್ಲಿ ತಗೊಂಡು ಹೋಗ್ಲಿ. ನಿನಗೂ ಕಾಲುನೋವು ತಪ್ಪುತ್ತೆ."

ಕರುಣೆಯಿಂದಲೇ ಆಡಿದ ಮಾತು. ಆದರೆ ಅವತ್ತು ನಿಂಗಯ್ಯ ಮುದ್ದೆ ಮುರಿಯಲಿಲ್ಲ. "ನಾನು ಮುನಿಸ್ಕೊಂಡು ತವರಿಗೆ ಹೋದಾಗ್ಲೂ ಊಟ ಬುಟ್ಟೋರಲ್ಲ ಕಣ್ರೀ ಇವ್ರು!" ಎಂದು ಹೆಂಡತಿ ಶಿವನಂಜಮ್ಮ ಛೇಡಿಸುತ್ತಾರೆ.

ನಿಂಗಯ್ಯ ಮೆಲ್ಲಗೆ ಹೇಳುತ್ತಾರೆ: "ಊರು ಬುಟ್ಟು ಬಂದೋನು ನಾನು. ತೋಟ ಬುದ್ಧಿಯವ್ರದು, ಗಾಡಿ ಬುದ್ಧಿಯವ್ರದು. ಗುಡಿ ಬಾಗ್ಲು ತೆಗೆದಾಗ ದೇವ್ರ ಎದುರಿಗೆ ನಿಂತಿರ್ತೀನಲ್ಲ, ಅದೊಂದೇ ನಂದು."

ಮಾರನೆಯ ದಿನ ಹಳೇ ಗಾಡಿಯನ್ನು ಸೌದೆಗೆ ಒಡೆಯುತ್ತಿದ್ದರು. ನಿಂಗಯ್ಯ ಹಲಗೆಯನ್ನು ಎಳೆದುಕೊಂಡು, ಬೂದಿ ಹಾಕಿ ಉಜ್ಜಿ ತೊಳೆದು, ತಲೆಯ ಮೇಲೆ ಹೊತ್ತು ನಾಗಮಣಿಯವರ ಜಗಲಿಯ ಮುಂದೆ ನಿಂತರು. "ಅಮ್ಮಾವ್ರೇ, ಹೊಸ ಗಾಡಿ ಮೇಲೆ ಇದನ್ನಿಟ್ಟು, ಇದರ ಮೇಲೆ ಹೂವಿಟ್ರೆ ಆಗಾಕಿಲ್ವಾ?"

ಆಕೆ ಹಲಗೆಯನ್ನೂ ನೋಡಿದರು, ಅದರ ಕೆಳಗಿನ ತಲೆಯನ್ನೂ ನೋಡಿದರು. "ಬಾಗಿಲು ತೆರೆಯೋ ಹೊತ್ತಿಗೆ ತಡವಾಗಬಾರದು ನೋಡು," ಎಂದು ಒಳಗೆ ಹೋದರು.

ಈಗ ಗೊಬ್ಬರವೆಲ್ಲ ಕಬ್ಬಿಣದ ತೊಟ್ಟಿಗೆ. ಹಲಗೆಗೆ ಹಗಲೆಲ್ಲ ವಿಶ್ರಾಂತಿ. ಕೋಳಿ ಹತ್ತಿರ ಸುಳಿದರೂ ಶಿವನಂಜಮ್ಮ ಪೊರಕೆ ಎತ್ತುತ್ತಾರೆ.

ಗುಡಿಯಿಂದ ಬಂದ ನಿಂಗಯ್ಯನವರ ಕಿವಿಯಲ್ಲಿ ಪ್ರಸಾದದ ಹೂವು. ಏನಾದರೂ ಆಸೆ ಉಂಟೇ ಎಂದು ಕೇಳಿದೆ. ಅವರು ಹಲಗೆಯ ಕೆಳಮುಖವನ್ನು ನನ್ನ ಕಡೆಗೆ ತಿರುಗಿಸಿದರು. ತೊಳೆದರೂ ಬಿಡದ ಕಪ್ಪು.

"ಇಷ್ಟು ವರ್ಷ ಗೊಬ್ಬರ ಹೊತ್ತದ್ದು ಈ ಮುಖ. ಅದೇ ಗೊಬ್ಬರದಲ್ಲಿ ಅಲ್ವಾ ಸ್ವಾಮಿ ಮಲ್ಲಿಗೆ ಬಂದದ್ದು? ಅಮ್ಮಾವ್ರು ಒಪ್ಪಿದ್ರೆ, ಒಂದು ದಿನ ಮಗುಚಿ, ಇದರ ಮೈಮೇಲೂ ಹೂವಿಡ್ಬೇಕು."